ಯಾದಿಯಲ್ಲಿ ಬರೆಯದೆ ಉಳಿದದ್ದು

ಧಾರವಾಡ ಬಿಟ್ಟು ಮಡಗಾಂವಿಗೆ ಬಂದು ಹದಿನೆಂಟು ವರ್ಷಗಳಾದರೂ ಮನೆತನದ ಮದುವೆಗಳ ಯಾದಿಗೆ, ಅಂದರೆ ಮದುವೆಗೆ ಮೊದಲು ಕೊಡುಕೊಳ್ಳುವುದನ್ನೂ ಖರ್ಚನ್ನೂ ಬರೆದಿಡುವ ಶಾಸ್ತ್ರಕ್ಕೆ, ನಾನು ತಪ್ಪದೆ ಊರಿಗೆ ಹೋಗುತ್ತೇನೆ. ಕಳೆದ ವರ್ಷ ಅಣ್ಣನ ಮಗಳ ಯಾದಿಯಲ್ಲಿ, ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಹಚ್ಚಿದ ಹಾಳೆಯ ಮೇಲೆ ಬೀಗರ ಸೀರೆ, ವರೋಪಚಾರ, ಅಡುಗೆಯ ಖರ್ಚು, ಮಂಗಲ ಕಾರ್ಯಾಲಯದ ಬಾಡಿಗೆ ಎಲ್ಲವನ್ನೂ ಒಂದೊಂದಾಗಿ ಬರೆದು ಎರಡೂ ಕಡೆಯ ಹಿರಿಯರು ಸಹಿ ಹಾಕಿದರು. ಹುಡುಗನ ಮೇಲೆ ಸಾಲವೆಷ್ಟಿದೆ, ಮುಂದೆ ಕೊಳ್ಳುವ ಮನೆ ಯಾರ ಹೆಸರಿನಲ್ಲಿರುತ್ತದೆ ಎಂದು ಯಾರೂ ಕೇಳಲಿಲ್ಲ. ಮದುವೆಯಾಗುವ ಇಬ್ಬರ ಸಹಿಯೂ ಅದರಲ್ಲಿರಲಿಲ್ಲ.

ಗೋವಾದಲ್ಲಿ ಈ ಪ್ರಶ್ನೆಗಳನ್ನು ತಪ್ಪಿಸಿಕೊಳ್ಳುವುದು ಕಷ್ಟ. 1867ರ ಪೋರ್ಚುಗೀಸ್ ಸಿವಿಲ್ ಕೋಡ್‌ನ ಕುಟುಂಬ ನಿಯಮಗಳು 1961ರ ವಿಮೋಚನೆಯ ನಂತರವೂ ಇಲ್ಲಿ ಉಳಿದುಕೊಂಡಿರುವುದರಿಂದ, ವಧೂವರರು ಬಯಸಿದರೆ ತಮ್ಮ ಆಸ್ತಿಗಳನ್ನು ಪ್ರತ್ಯೇಕವಾಗಿಯೇ ಇಟ್ಟುಕೊಳ್ಳುವುದಾಗಿ, ಅಥವಾ ಮದುವೆಯ ನಂತರ ಗಳಿಸಿದ್ದು ಮಾತ್ರ ಇಬ್ಬರದೆಂದು, ಮದುವೆಗೆ ಮೊದಲೇ ಅಧಿಕೃತ ಪತ್ರ ಬರೆಸಬಹುದು. ಏನನ್ನೂ ಬರೆಸದಿದ್ದರೆ ಇಬ್ಬರ ಆಸ್ತಿಯೂ ಕೂಡಿ, ತಲಾ ಅರ್ಧದ ಹಕ್ಕು ಹುಟ್ಟುತ್ತದೆ. ನಮ್ಮ ನೆರೆಮನೆಯವರು ಒಂದು ನಿವೇಶನ ಮಾರಲು ಹೊರಟಾಗ, ಬಂದ ಹಣ ಎಲ್ಲಿಗೆ ಹೋಗುತ್ತದೆಂದು ತಿಳಿಯುವವರೆಗೆ ಅವರ ಹೆಂಡತಿ ಸಹಿ ಹಾಕಲಿಲ್ಲ. ವ್ಯವಹಾರ ಮೂರು ತಿಂಗಳು ನಿಂತಿತು. ನೆರೆಯವರು ಗೊಣಗಿದರು, ನನಗೆ ಮಾತ್ರ ಆ ತಾಯಿಯ ಮೇಲೆ ಗೌರವ ಹೆಚ್ಚಾಯಿತು.

ನಮ್ಮ ಕಡೆ ಗಂಡ ಸ್ವಂತ ದುಡಿಮೆಯಿಂದ ತನ್ನ ಹೆಸರಿನಲ್ಲಿ ಕೊಂಡ ಮನೆಯನ್ನು ಹೆಂಡತಿಯ ಸಹಿಯಿಲ್ಲದೆ ಮಾರಬಹುದು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವಿವಾಹಪೂರ್ವ ಒಪ್ಪಂದದ ಪ್ರಸ್ತಾಪವಿಲ್ಲ. ಅಂಥ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧವೆಂದು ಕಂಡರೆ 1872ರ ಕರಾರು ಕಾಯ್ದೆಯ 23ನೇ ಕಲಮಿನಡಿ ನ್ಯಾಯಾಲಯ ಅದನ್ನು ತಳ್ಳಿಹಾಕಬಹುದು. ಆದರೂ ಬರೆಯುವುದು ವ್ಯರ್ಥವೆಂದು ನನಗನ್ನಿಸುವುದಿಲ್ಲ, ಏಕೆಂದರೆ ಬರೆಯಲು ಕುಳಿತಾಗಲೇ ಸಾಲ, ಜಾಮೀನು, ತಂದೆತಾಯಿಗೆ ಕಳುಹಿಸಬೇಕಾದ ಹಣ ಇವೆಲ್ಲ ಬಾಯಿಗೆ ಬರುತ್ತವೆ. ಮದುವೆಗೆ ಮುನ್ನವೇ ಮುರಿಯುವ ಮಾತೇಕೆ ಎನ್ನುವವರು ಯಾದಿಯನ್ನು ಅಪಶಕುನವೆನ್ನುವುದಿಲ್ಲ. ಇನ್ನು 1985ರ ವರದಕ್ಷಿಣೆ ನಿಷೇಧ ನಿಯಮಗಳಂತೂ ಉಡುಗೊರೆಗಳ ಪಟ್ಟಿಗೆ ವಧೂವರರೇ ಸಹಿ ಹಾಕಬೇಕೆನ್ನುತ್ತವೆ. ಅದನ್ನು ಪಾಲಿಸಿದ ಒಂದು ಮನೆಯನ್ನೂ ನಾನು ಕಂಡಿಲ್ಲ.

ಗೋವಾದ ಪದ್ಧತಿಯಲ್ಲಿ ನನಗೊಪ್ಪದ ಸಂಗತಿಯೂ ಇದೆ. ಅಲ್ಲಿ ಒಮ್ಮೆ ಬರೆಸಿದ್ದನ್ನು ಮದುವೆಯಾದ ಮೇಲೆ ಬದಲಿಸುವಂತಿಲ್ಲ. ಆಸ್ತಿ ಬೇರೆ ಬೇರೆಯೆಂದು ಒಪ್ಪಿದ ಹುಡುಗಿ ನಾಳೆ ಮಕ್ಕಳಿಗಾಗಿ ನೌಕರಿ ಬಿಟ್ಟರೆ ಅವಳ ಪಾಲಿಗೆ ಏನು ಉಳಿಯುತ್ತದೆ ಎಂಬುದನ್ನು ಸಹಿಗೆ ಮೊದಲೇ ಲೆಕ್ಕ ಹಾಕಬೇಕು. ಇಬ್ಬರಿಗೂ ಬೇರೆ ಬೇರೆ ವಕೀಲರಿದ್ದರೆ ಇನ್ನೂ ಒಳ್ಳೆಯದು.

ಯಾದಿಯ ಮರುದಿನ ಇದನ್ನೆಲ್ಲ ಹೇಳಿದಾಗ ಅಣ್ಣನ ಮಗಳು, "ಕಾಕಾ, ನಾವಿಬ್ಬರೂ ಬರೀತೀವಿ" ಎಂದಳು. ಶಿಕ್ಷಣ ಸಾಲ ಇನ್ನೂ ಆರು ಲಕ್ಷ ಬಾಕಿಯಿದೆ ಎಂದು ಹುಡುಗ ಬರೆದದ್ದನ್ನು ಓದಿ ಅಣ್ಣ ಮೊದಲು ಮುಖ ಗಂಟಿಕ್ಕಿದ. ಆಮೇಲೆ, ಮಂಗಲ ಕಾರ್ಯಾಲಯ ಬೇಡ, ಮನೆಯ ಮುಂದೆಯೇ ಹಂದರ ಹಾಕಿಸೋಣ ಎಂದು ಬೀಗರಿಗೆ ಫೋನ್ ಮಾಡಿದ.