ಮೂರನೇ ಹನಿ

ಕಳೆದ ವಾರ ಗುಬ್ಬಿ ಕಡೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಹೋಗಿದ್ದೆ. ಜಾತಕ ಕೂಡಿತ್ತು, ಉಪ್ಪಿಟ್ಟು ಕಾಫಿಯೂ ಮುಗಿದಿತ್ತು. ಆಗ ಹುಡುಗನ ದೊಡ್ಡಮ್ಮ ನನ್ನ ಕಿವಿಯ ಹತ್ತಿರ ಬಂದು, "ಹುಡುಗೀದು ನೆಗೆಟಿವ್ ರಕ್ತ ಅಂತೆ ಕಣಮ್ಮ, ಮಕ್ಕಳು ನಿಲ್ಲಲ್ಲವಂತೆ" ಅಂದರು. ಮೈ ಉರಿಯಿತು. ನನ್ನ ತಂಗಿಯದೂ ಬಿ ನೆಗೆಟಿವ್.

ಈ 'ನೆಗೆಟಿವ್' ಅನ್ನುವ ಪದವೇ ಅರ್ಧ ಕೆಡಿಸಿದೆ. ಏನೋ ದೋಷ ಅನ್ನಿಸುತ್ತದೆ, ಅಲ್ವಾ? ಕೆಂಪು ರಕ್ತಕಣದ ಮೇಲೆ ಡಿ ಅನ್ನುವ ಒಂದು ಪ್ರೋಟೀನ್ ಕೆಲವರಿಗೆ ಇರುವುದಿಲ್ಲ, ಅಷ್ಟೇ. ಲ್ಯಾಬಿನಲ್ಲಿ ಗಾಜಿನ ಮೇಲೆ ಮೂರು ಹನಿ ರಕ್ತ ಇಡುತ್ತಾರೆ. ಒಂದಕ್ಕೆ ನೀಲಿ ದ್ರವ, ಒಂದಕ್ಕೆ ಹಳದಿ, ಮೂರನೆಯದಕ್ಕೆ ಬಣ್ಣವಿಲ್ಲದ್ದು. ಆ ಮೂರನೇ ಹನಿ ಸರಿಯಾಗಿ ಕದಡದ ರಾಗಿ ಅಂಬಲಿಯ ಹಾಗೆ ಗಂಟುಗಂಟಾದರೆ ಪಾಸಿಟಿವ್. ನುಣ್ಣಗೆ ಉಳಿದರೆ ನೆಗೆಟಿವ್. ಅಡುಗೆ ಮಾಡುವವರನ್ನು ಕೇಳಿದರೆ ನುಣ್ಣಗಿರುವುದೇ ವಾಸಿ ಅಂತಾರೆ!

ಗಂಡನೂ ನೆಗೆಟಿವ್ ಆದರೆ ಈ ತಲೆನೋವೇ ಇಲ್ಲ. ಗಂಡ ಪಾಸಿಟಿವ್ ಆಗಿ, ಮಗುವಿಗೂ ಅದೇ ಬಂದರೆ ಮಾತ್ರ ಎಚ್ಚರ ಬೇಕು. ಹೆರಿಗೆಯಲ್ಲಿ ಮಗುವಿನ ರಕ್ತ ಚೂರು ತಾಯಿಗೆ ಸೇರುತ್ತದೆ. ತಾಯಿಯ ಮೈ ಅದನ್ನು ಹೊರಗಿನದು ಅಂದುಕೊಂಡು ಪ್ರತಿಕಾಯ ತಯಾರಿಸುತ್ತದೆ. ಸಾಮಾನ್ಯವಾಗಿ ಪೆಟ್ಟು ಬೀಳುವುದು ಮುಂದಿನ ಮಗುವಿಗೆ. ಆ ಪ್ರತಿಕಾಯ ಅದರ ರಕ್ತಕಣಗಳನ್ನು ಒಡೆಯುತ್ತದೆ. ಇದನ್ನು ತಡೆಯುವ ಆಂಟಿ-ಡಿ ಇಂಜೆಕ್ಷನ್ 1968ರಲ್ಲೇ ಬಂದಿದೆ. 28ನೇ ವಾರಕ್ಕೆ ಒಂದು, ಹುಟ್ಟಿದ ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ಇನ್ನೊಂದು.

ನನ್ನ ತಂಗಿಗೆ ಮೊದಲನೆಯದು ಮೂರು ತಿಂಗಳು ತುಂಬಿದ ಮೇಲೆ ಹೋಯಿತು. ಒಂದು ನರ್ಸಿಂಗ್ ಹೋಮಿನಲ್ಲಿ ಕ್ಲೀನ್ ಮಾಡಿ ಕಳಿಸಿದರು. ಇಂಜೆಕ್ಷನ್ ಮಾತು ಯಾರೂ ಎತ್ತಲಿಲ್ಲ. ಅದು ಹೆರಿಗೆಗೆ ಮಾತ್ರ ಅಂತ ನಾವೂ ಸುಮ್ನಿದ್ದೆವು. ಹಾಗೆ ಹೋದಾಗಲೂ ಹಾಕಿಸಬೇಕು ಅಂತ ಗೊತ್ತಾಗಿದ್ದು ಎರಡನೇ ಬಸಿರಲ್ಲಿ, ತಾಯಿಯ ರಕ್ತದಲ್ಲಿ ಆ ಪ್ರತಿಕಾಯ ಇದೆಯಾ ಅಂತ ನೋಡುವ ಕೂಂಬ್ಸ್ ಟೆಸ್ಟ್ ಪಾಸಿಟಿವ್ ಬಂದಾಗ. ಪ್ರತಿಕಾಯ ಹುಟ್ಟಿದ ಮೇಲೆ ಆ ಇಂಜೆಕ್ಷನ್ನಿಂದ ಪ್ರಯೋಜನವಿಲ್ಲ. ಆಮೇಲೆ ತುಮಕೂರಿಂದ ಬೆಂಗಳೂರಿಗೆ ಸ್ಕ್ಯಾನಿಂಗಿಗೆ ಓಡಾಡಿದ್ದೇ ಓಡಾಡಿದ್ದು. ಮಗು ಹುಟ್ಟಿದ ದಿನವೇ ಅರಿಶಿನ ಬಳಿದ ಹಾಗಿತ್ತು. ನೀಲಿ ಲೈಟಿನ ಕೆಳಗೆ ಮಲಗಿಸಿದರು, ರಕ್ತವನ್ನೇ ಬದಲಾಯಿಸಿದರು. ಈಗ ಐದು ವರ್ಷದ ಪೋರ, ಮನೆ ಮೇಲೆ ಕೆಳಗೆ ಮಾಡುತ್ತಾನೆ.

ಇದನ್ನೆಲ್ಲ ದೊಡ್ಡಮ್ಮನಿಗೆ ಹೇಳಿ, "ಹುಡುಗನದು ಯಾವ ಗ್ರೂಪು?" ಅಂತ ಕೇಳಿದೆ. ಅವರಿಗೆ ಗೊತ್ತಿಲ್ಲ. ಹುಡುಗನಿಗೂ ಗೊತ್ತಿಲ್ಲ. ಪರ್ಸಿನಿಂದ ಡಿಎಲ್ ತೆಗೆದು ತಿರುಗಿಸಿ ತಿರುಗಿಸಿ ನೋಡಿದ. ಆ ಜಾಗ ಖಾಲಿ.