ದುಬಾರಿ ರೀಲು ಮಂಡಕ್ಕಿ ಭಟ್ಟಿಗೇ ಖರ್ಚಾಗಲಿ

ಫಿಲ್ಮ್ ಕ್ಯಾಮೆರಾವನ್ನು ಮತ್ತೆ ಕೈಗೆತ್ತಿಕೊಂಡ ಗೆಳೆಯರ ಚಿತ್ರಗಳನ್ನು ನಾನು ಆಸೆಯಿಂದ ನೋಡುತ್ತೇನೆ. ಆದರೆ ಹಂಪಿಯ ಕಲ್ಲಿನ ರಥ, ಜೋಗ, ದಸರೆಯ ಅರಮನೆ, ಇವೇ ಸುತ್ತಿ ಸುತ್ತಿ ಬರುತ್ತವೆ. ಕಾರಣ ಕೇಳಿದರೆ ಎಲ್ಲರದೂ ಒಂದೇ ಉತ್ತರ. ಒಂದು ರೀಲಿಗೆ ಸಾವಿರ ರೂಪಾಯಿಯ ಆಸುಪಾಸು, ತೊಳೆಸಿ ಸ್ಕ್ಯಾನ್ ಮಾಡಿಸಲು ಬೇರೆ ಖರ್ಚು, ಸಿಗುವುದು 36 ಚಿತ್ರ. ಅದನ್ನು ಕಂಡಕಂಡದ್ದಕ್ಕೆಲ್ಲ ಸುರಿಯಲು ಆಗುತ್ತದೆಯೇ? ಆಗಬೇಕು ಎಂಬುದು ನನ್ನ ವಾದ. ಹಂಪಿಯ ರಥಕ್ಕೆ ಚಿತ್ರಗಳ ಬರವಿಲ್ಲ. ನಮ್ಮ ಓಣಿಯ ಹಿಟ್ಟಿನ ಗಿರಣಿಗೆ ಇದೆ.

ನಮ್ಮ ಮನೆಯ ಹಳೆಯ ಆಲ್ಬಮ್‌ನಲ್ಲಿರುವುದು ಮದುವೆ, ನಾಮಕರಣ ಮತ್ತು ಸ್ಟುಡಿಯೋ ಪರದೆಯ ಮುಂದೆ ಬಿಗಿಯಾಗಿ ಕುಳಿತ ಹಿರಿಯರು. ತಾತ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಆಯುಷ್ಯ ಸವೆಸಿದವರು. ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದದ್ದು ಅಂಥವರ ದುಡಿಮೆಯಿಂದ. ಅವರು ಯಂತ್ರದ ಮುಂದೆ ನಿಂತಿರುವ ಅಥವಾ ಪಾಳಿ ಮುಗಿಸಿ ಗೇಟಿನಿಂದ ಹೊರಬರುತ್ತಿರುವ ಒಂದೇ ಒಂದು ಚಿತ್ರ ನಮ್ಮಲ್ಲಿಲ್ಲ. ಅಜ್ಜಿ ಒರಳಿನ ಮುಂದೆ ಕುಳಿತ ಚಿತ್ರವೂ ಇಲ್ಲ. ಯಾರನ್ನೂ ದೂರುವಂತಿಲ್ಲ. ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ 3 ಕ್ಯಾಮೆರಾಕ್ಕೆ ಒಂದು ರೀಲು ಹಾಕಿದರೆ ಬರುತ್ತಿದ್ದದ್ದು 12 ಚಿತ್ರ. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ದೇಶೀ ಫಿಲ್ಮ್ ತಂದ ಮೇಲೂ ಕೂಲಿಯವರ ಮನೆಗೆ ಫೋಟೋ ಎಂದರೆ ಹಬ್ಬದ ಖರ್ಚೇ ಆಗಿತ್ತು. ಹಾಗಾಗಿ ದಿನನಿತ್ಯದ ಬದುಕು ಚೌಕಟ್ಟಿನ ಹೊರಗೇ ಉಳಿಯಿತು. ಅಂದಿನವರಿಗೆ ಬೇರೆ ದಾರಿ ಇರಲಿಲ್ಲ. ಇಂದು ಹವ್ಯಾಸಕ್ಕಾಗಿ ರೀಲು ಕೊಳ್ಳುವ ನಾವೂ ಅದೇ ಲೆಕ್ಕಾಚಾರ ಮಾಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಆದ್ದರಿಂದ ನನ್ನ ರೀಲುಗಳು ಹೆಚ್ಚಾಗಿ ಮಂಡಕ್ಕಿ ಭಟ್ಟಿಗಳಲ್ಲಿ ಮುಗಿಯುತ್ತವೆ. ಕಪ್ಪು-ಬಿಳುಪು ಫಿಲ್ಮಿಗೆ ಇದಕ್ಕಿಂತ ಕಠಿಣವಾದ, ಇದಕ್ಕಿಂತ ಸೊಗಸಾದ ಜಾಗ ನನಗೆ ಗೊತ್ತಿಲ್ಲ. ಹೊಗೆಯಿಂದ ಕಪ್ಪಾದ ಗೋಡೆ, ಕಾದ ಮರಳಿನಲ್ಲಿ ಅರಳಿ ಹೊರಬೀಳುವ ಬಿಳಿ ಮಂಡಕ್ಕಿ, ಬಾಗಿಲಿನಿಂದ ಒಳನುಗ್ಗುವ ಬಿಸಿಲಿನ ಪಟ್ಟಿ. ಕ್ಯಾಮೆರಾದೊಳಗಿನ ಬೆಳಕುಮಾಪಕ ಇಲ್ಲಿ ಪೂರ್ತಿ ದಾರಿ ತಪ್ಪಿಸುತ್ತದೆ. ಅದು ಎಲ್ಲವನ್ನೂ ನಡುಬೂದು ಬಣ್ಣವೆಂದೇ ಎಣಿಸುತ್ತದೆ. ರಾಶಿಯ ಕಡೆ ಹಿಡಿದು ಅದು ಹೇಳಿದಂತೆ ತೆಗೆದರೆ ಮಂಡಕ್ಕಿ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಗೋಡೆಯ ಕಡೆ ಹಿಡಿದರೆ ರಾಶಿ ಸುಣ್ಣ ಬಳಿದಂತೆ ಬೆಳ್ಳಗಾಗಿ ಒಂದು ಕಾಳೂ ಬೇರೆಯಾಗಿ ಕಾಣುವುದಿಲ್ಲ. ನಾನು ಆ ಬೆಳಕಿನಲ್ಲಿ ನನ್ನ ಅಂಗೈ ಹಿಡಿದು ಅಳೆಯುತ್ತೇನೆ, ಅದು ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು ಬೆಳಕು ಕೊಡುತ್ತೇನೆ.

ಫಿಲ್ಮ್ ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದೇ ಅದರ ವೇಗ. 400 ವೇಗದ ಫಿಲ್ಮನ್ನು 1600 ಎಂದು ಎಣಿಸಿ ಕಡಿಮೆ ಬೆಳಕು ಕೊಟ್ಟು ತೆಗೆದು, ತೊಳೆಯುವಾಗ ಹೆಚ್ಚು ಹೊತ್ತು ಬಿಡುವ ಪ್ರಯೋಗವನ್ನೂ ಮಾಡಿದ್ದೇನೆ. ಚಿತ್ರಕ್ಕೆ ಕಸುವು ಬರುತ್ತದೆ ನಿಜ, ಆದರೆ ನೆರಳಿನಲ್ಲಿರುವ ಮುಖಗಳು ಅಳಿಸಿಹೋಗುತ್ತವೆ. ಜರಡಿ ಹಿಡಿದ ಹೆಂಗಸಿನ ಮುಖವೇ ಕಾಣದಿದ್ದರೆ ಆ ಕಸುವು ಯಾರಿಗೆ ಬೇಕು? ಈಗ 400ರಲ್ಲೇ ಉಳಿದು, ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಷಟರ್ ತೆರೆಯುತ್ತೇನೆ. ಮುಖ ನಿಚ್ಚಳವಾಗಿ ಬರುತ್ತದೆ, ಕೈ ಮತ್ತು ಜರಡಿ ಮಸುಕಾಗುತ್ತವೆ. ಅಲುಗಿದೆ ಎಂದು ಕೆಲವರು ತಳ್ಳಿಹಾಕುತ್ತಾರೆ. ನನಗೆ ಆ ಮಸುಕೇ ಬೇಕು. ದಿನವಿಡೀ ನಿಲ್ಲದ ಕೈ ಅದು.

ಭಟ್ಟಿಯಲ್ಲಿ ಕೆಲಸ ಮಾಡುವವರೇ ಮೊದಲು ನನ್ನನ್ನು ತಡೆದರು. “ಇಲ್ಲೇನಿದೆ ತಮ್ಮಾ ತೆಗೆಯಲು, ಬರೀ ಹೊಗೆ. ಸಂತೆಬೆನ್ನೂರಿನ ಪುಷ್ಕರಣಿಗೆ ಹೋಗು, ಚೆನ್ನಾಗಿ ಬರುತ್ತದೆ” ಎಂದು ಒಬ್ಬ ಹಿರಿಯ ಹೆಂಗಸು ಕಾಳಜಿಯಿಂದಲೇ ಹೇಳಿದರು. ತಮ್ಮ ದುಡಿಮೆ ನೋಡತಕ್ಕದ್ದು ಎಂದು ಅವರಿಗೆ ಯಾರೂ ಹೇಳಿಯೇ ಇಲ್ಲ. ಮುಂದಿನ ಸಲ ಅವರ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಹೋಗಿ ಕೊಟ್ಟೆ. ಈಗ ಅವರೇ, “ಭತ್ತ ಬೇಯಿಸುವುದನ್ನು ನೋಡಬೇಕಾದರೆ ಬೆಳಗಿನ ಜಾವ ಬಾ” ಎನ್ನುತ್ತಾರೆ.

ಈ ವಿಷಯದಲ್ಲಿ ನನ್ನ ಗುರು ಮೈಸೂರಿನ ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರನ್ನು ನಾನು ಕಂಡವನಲ್ಲ, ಚಿತ್ರಗಳ ಮೂಲಕವಷ್ಟೇ ಬಲ್ಲೆ. ಗಣ್ಯರನ್ನು ತೆಗೆಯುವುದು ಪತ್ರಿಕಾ ಛಾಯಾಗ್ರಾಹಕರಾಗಿ ಅವರ ಕೆಲಸವೇ ಆಗಿತ್ತು. ಆದರೂ ಅವರ ಕಣ್ಣು ಬೀದಿಯ ಜನರ ಮೇಲೆ, ಮಕ್ಕಳ ಮೇಲೆ ನೆಟ್ಟಿತ್ತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಚೇರಿಯಲ್ಲಿ ಪ್ರದರ್ಶನಗೊಂಡ ಅವರ ಚಿತ್ರಗಳು ಮಕ್ಕಳವೇ. ಫಿಲ್ಮ್ ಅವರಿಗೂ ಅಗ್ಗವಾಗಿರಲಿಲ್ಲ.

ಕಪ್ಪು-ಬಿಳುಪು ರೀಲನ್ನು ಮನೆಯಲ್ಲೇ ತೊಳೆಯಬಹುದು, ಹೆದರಬೇಡಿ. ನಾನು ಬಳಸುವುದು ಡಿ-76 ಎಂಬ ಡೆವಲಪರ್ ಪುಡಿ, ಫಿಲ್ಮಿನಲ್ಲಿ ಚಿತ್ರ ಮೂಡಿಸುವ ರಾಸಾಯನಿಕ. ದ್ರಾವಣ 20 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ಹಾಳೆಯಲ್ಲಿ ಬರೆದಿರುತ್ತದೆ, ನಮ್ಮ ಬೇಸಿಗೆಯಲ್ಲಿ ನಲ್ಲಿಯ ನೀರೇ ಅದಕ್ಕಿಂತ ಎಷ್ಟೋ ಬಿಸಿ. ಬಾಟಲಿಯನ್ನು ಐಸ್ ಹಾಕಿದ ಬೋಗುಣಿಯಲ್ಲಿ ನಿಲ್ಲಿಸಿ 24ಕ್ಕೆ ಇಳಿಸುತ್ತೇನೆ, 20ಕ್ಕಿಂತ ಹೆಚ್ಚಿರುವ ಒಂದೊಂದು ಡಿಗ್ರಿಗೆ ತೊಳೆಯುವ ಸಮಯದಲ್ಲಿ ಸುಮಾರು ಶೇ. 10ರಷ್ಟು ಕಡಿತ ಮಾಡುತ್ತೇನೆ. ಬಣ್ಣದ ರೀಲುಗಳನ್ನು ಮಾತ್ರ ಹೊರಗೆ ಕಳಿಸುತ್ತೇನೆ. ಒಮ್ಮೆ ಒಂದು ಕಡೆ ಸ್ಕ್ಯಾನ್ ಕಡತಗಳನ್ನು ಮೊಬೈಲಿಗೆ ಕಳಿಸಿ, ನೆಗೆಟಿವ್ ಎಸೆದೆವು ಎಂದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಮೊಬೈಲ್ ಹಾಳಾದರೆ ಕಡತವೂ ಹೋಯಿತು. ನೆಗೆಟಿವ್ ಇದ್ದರೆ ಮೊಮ್ಮಕ್ಕಳು ಬೆಳಕಿಗೆ ಹಿಡಿದು ನೋಡಬಹುದು. ರೀಲು ಕೊಡುವಾಗಲೇ ನೆಗೆಟಿವ್ ವಾಪಸು ಬೇಕೆಂದು ಬರೆಸಿ, ಬಂದ ಮೇಲೆ ಕಾಗದದ ಲಕೋಟೆಯಲ್ಲಿಟ್ಟು, ಊರು, ತಿಂಗಳು, ಒಪ್ಪಿದರೆ ಮನುಷ್ಯರ ಹೆಸರನ್ನೂ ಬರೆದಿಡಿ.

ದಾವಣಗೆರೆ, ಹರಿಹರದ ಸುತ್ತಮುತ್ತ ಸ್ಟುಡಿಯೋ ಮುಚ್ಚಿದವರು ಅಥವಾ ಮುಚ್ಚುತ್ತಿರುವವರು ಇದನ್ನು ಓದುತ್ತಿದ್ದರೆ, ಹಳೆಯ ನೆಗೆಟಿವ್ ಡಬ್ಬಗಳನ್ನು ಗುಜರಿಗೆ ಹಾಕುವ ಮುನ್ನ ನನಗೊಂದು ಸಂದೇಶ ಕಳಿಸಿ. ಬಂದು ತೆಗೆದುಕೊಂಡು ಹೋಗಿ, ನನ್ನ ಖರ್ಚಿನಲ್ಲೇ ಸ್ಕ್ಯಾನ್ ಮಾಡಿ, ಡಬ್ಬಗಳನ್ನು ನಿಮಗೇ ಮರಳಿಸುತ್ತೇನೆ.