ಮೂವತ್ತೆರಡು ಮುಖ, ಒಂದು ಹೋರಿ

ಬಳ್ಳಾರಿಯಲ್ಲಿ ಚಿತ್ರಕಲಾ ಪ್ರದರ್ಶನ ನೋಡಬೇಕಾ? ರಾಯಲ್ ಸರ್ಕಲ್‌ಗೆ ಬಂದು ತಲೆ ಎತ್ತಿ. ಅದರ ಹೆಸರು ಈಗ ಗಡಿಗಿ ಚೆನ್ನಪ್ಪ ವೃತ್ತ, ಆದರೂ ಆಟೊದವರಿಗೆ ರಾಯಲ್ ಸರ್ಕಲ್ಲೇ. ಅಲ್ಲಿ ಪ್ರದರ್ಶನಕ್ಕೆ ರಜೆ ಅನ್ನುವುದಿಲ್ಲ. ಇವತ್ತು ಒಬ್ಬರ ಹುಟ್ಟುಹಬ್ಬ, ನಾಳೆ ಇನ್ನೊಬ್ಬರ ನೇಮಕ, ನಾಡಿದ್ದು ಆ ನೇಮಕಕ್ಕೆ ಕಾರಣರಾದವರಿಗೆ ಅಭಿನಂದನೆ. ಆ ಫ್ಲೆಕ್ಸ್‌ಗಳಲ್ಲಿ ಕೆಲವಕ್ಕೆ ಕಲಾವಿದ ನಾನೇ. ಸಹಿ ಹಾಕಿಲ್ಲ, ಮನೆಯವರು ಮರ್ಯಾದಸ್ಥರು.

ನಾನು ಫ್ರೀಲಾನ್ಸ್ ಗ್ರಾಫಿಕ್ ಡಿಸೈನರ್. ಓಣಿಯಲ್ಲಿ ಇದಕ್ಕೆ 'ಫ್ಲೆಕ್ಸ್ ಹುಡುಗ' ಅನ್ನುತ್ತಾರೆ. ವಯಸ್ಸು ನಲವತ್ತು ದಾಟಿದೆ, ಅದು ಬೇರೆ ಮಾತು. ನಮ್ಮ ಧಂದೆಯ ಅರ್ಥಶಾಸ್ತ್ರ ಸರಳ. ಪ್ರಿಂಟಿಗೆ ಅಡಿ ಲೆಕ್ಕ, ಡಿಸೈನಿಗೆ ಚಹಾ ಲೆಕ್ಕ.

ಕಂಪ್ಯೂಟರ್‌ನಲ್ಲಿ 'ನನ್ನದು' ಅಂತ ಒಂದು ಫೋಲ್ಡರ್ ಇದೆ. ಊರ ಪಕ್ಕದ ಕಪ್ಪಗಲ್ಲು ಗುಡ್ಡದ ಮೇಲೆ ಹೊಸ ಶಿಲಾಯುಗದ ಜನ ಕರಿಬಂಡೆಗೆ ಕಲ್ಲಿನಿಂದ ಕುಟ್ಟಿ ಕುಟ್ಟಿ ಬಿಡಿಸಿದ ಹೋರಿಗಳಿವೆ. ಉದ್ದ ಕೋಡು, ಎತ್ತರದ ಇಣಿ, ನಾಲ್ಕೇ ಗೆರೆಯಲ್ಲಿ ಇಡೀ ಪ್ರಾಣಿ. ಕೆಲವು ಬಂಡೆ ಬಡಿದರೆ ಗಂಟೆಯಂತೆ ದನಿ ಬರುತ್ತದೆ. ಅವುಗಳನ್ನಿಟ್ಟುಕೊಂಡು ಹನ್ನೆರಡು ಪೋಸ್ಟರ್ ಮಾಡಬೇಕು ಅಂತ ಕೂತೆ. ಮೂರು ವರ್ಷದಲ್ಲಿ ಎರಡಾಗಿವೆ. ಆ ಕಾಲದವನು ಇಷ್ಟೊಂದು ಹೇಗೆ ಬಿಡಿಸಿದ ಅಂತ ಬಹಳ ಯೋಚಿಸಿದ್ದೇನೆ. ಅವನಿಗೆ ವಾಟ್ಸ್ಆ್ಯಪ್ ಇರಲಿಲ್ಲ, ಅಷ್ಟೇ.

ಹೋದ ತಿಂಗಳು ಒಂದು ಭಾನುವಾರ ಮೂರನೆಯ ಹೋರಿಗೆ ಕೋಡು ಹಚ್ಚುತ್ತಿದ್ದೆ. ಫೋನು ಬಂತು.

"ಸರ, ಐದ್ ನಿಮಿಷದ ಕೆಲ್ಸ ಐತೆ. ನಾಳೆ ಅಣ್ಣನ ಬರ್ತ್‌ಡೇ. ಇಪ್ಪತ್ತು ಬೈ ಹತ್ತು."

ಐದು ನಿಮಿಷದ ಕೆಲಸ ರಾತ್ರಿ ಒಂದೂವರೆಗೆ ಮುಗಿಯಿತು. ಮಧ್ಯದಲ್ಲಿ ಅಣ್ಣ, ಮೇಲೆ ಅಣ್ಣನ ಅಣ್ಣಂದಿರು, ಕೆಳಗೆ ಶುಭ ಕೋರುವವರು ಮೂವತ್ತೆರಡು ಜನ. ಮೂವತ್ತೆರಡು ಮುಖ ಅಂದರೆ ಅರವತ್ನಾಲ್ಕು ಕಿವಿ. ಹಿನ್ನೆಲೆ ಕತ್ತರಿಸುವಾಗ ಒಂದು ಕಿವಿ ಹೋದರೂ ಪಕ್ಷದಲ್ಲಿ ಒಡಕು. ಒಬ್ಬ ಯುವ ನಾಯಕ ಕಳಿಸಿದ್ದು ಆಧಾರ್ ಕಾರ್ಡಿನ ಫೋಟೊ. ಆಧಾರ್ ಫೋಟೊದಿಂದ ಯುವ ನಾಯಕನನ್ನು ತೆಗೆಯುವುದು ಕಪ್ಪಗಲ್ಲಿನ ಬಂಡೆಯಿಂದ ಹೋರಿ ತೆಗೆದದ್ದಕ್ಕಿಂತ ಕಷ್ಟ. ಜೊತೆಗೆ ಒಬ್ಬೊಬ್ಬರದೂ ಫೋನು. "ಅವನ ತಲಿ ನನ್ನ ತಲಿಗಿಂತ ದೊಡ್ಡದ್ ಐತಲ್ರೀ?" ದೇವರು ಕೊಟ್ಟ ಅಳತೆ ಅಂತ ಹೇಳುವಂತಿಲ್ಲ. ಸ್ಕೇಲ್ ಹಿಡಿದು ಸಮಾನತೆ ತಂದೆ.

ಕೊನೆಗೆ, "ಹಿಂದೆ ಒಂದ್ ಸಿಂಹ ಹಾಕ್ರಿ." ಬಳ್ಳಾರಿಯ ಎಲ್ಲ ಅಣ್ಣಂದಿರ ಹಿಂದೆಯೂ ಇರುವುದು ಇಂಟರ್‌ನೆಟ್‌ನ ಒಂದೇ ಸಿಂಹ. ಪಕ್ಷಭೇದವಿಲ್ಲದೆ ದುಡಿದಿದೆ, ಪಾಪ. ನನಗೆ ನಿದ್ದೆಗಣ್ಣು, ಜೊತೆಗೆ ಹೊಟ್ಟೆಯುರಿ. ಸಿಂಹದ ಜಾಗಕ್ಕೆ ನನ್ನ ಹೋರಿ ಕೂರಿಸಿ ಕಳಿಸಿದೆ.

"ಇದೇನ್ರಿ, ಸಿಂಹಕ್ಕ ಕೋಡು?"

"ಹೋರಿ. ಕಪ್ಪಗಲ್ಲು ಗುಡ್ಡದ್ದು. ಸಾವಿರಾರು ವರ್ಷ ಹಳೇದು."

"ಅಣ್ಣಗ ಐವತ್ತ ಈಗ." ಸ್ವಲ್ಪ ಹೊತ್ತು ಸುಮ್ಮನಿದ್ದ. "ಇರ್ಲಿ ಬಿಡ್ರಿ, ಕೋಡು ಚೆಂದ ಐತೆ. ಹೋರಿ ಸಣ್ಣದ್ ಮಾಡ್ರಿ, ಅಣ್ಣನ್ನ ದೊಡ್ಡದ್ ಮಾಡ್ರಿ."

ಹೀಗೆ ನನ್ನ ಸ್ವಂತ ಸೃಜನಶೀಲತೆ ಎರಡು ಅಡಿಗೆ ಇಳಿದು ಸರ್ಕಲ್ ಏರಿತು.

ಇದೆಲ್ಲ ಕಾನೂನುಬಾಹಿರ ಅಲ್ವಾ ಅಂತ ನೀವು ಕೇಳಬಹುದು. ಹೌದಲ್ಲ! ಸಾರ್ವಜನಿಕ ಜಾಗದ ಅಂದಗೆಡಿಸುವುದನ್ನು ತಡೆಯಲು ರಾಜ್ಯದಲ್ಲಿ 1981ರಿಂದಲೇ ಕಾಯ್ದೆ ಇದೆ. 2016ರ ಮಾರ್ಚ್‌ನಲ್ಲಿ ಸರ್ಕಾರ ಪ್ಲಾಸ್ಟಿಕ್ ಚೀಲದ ಜೊತೆಗೆ ಫ್ಲೆಕ್ಸ್, ಬ್ಯಾನರ್‌ಗಳನ್ನೂ ನಿಷೇಧಿಸಿತು. ಫ್ಲೆಕ್ಸ್ ಅಂದರೆ ಪಿವಿಸಿ, ಕೊಳೆಯುವುದಿಲ್ಲ, ಸುಟ್ಟರೆ ವಿಷ. ನನಗೆ ಇದೆಲ್ಲ ಬಾಯಿಪಾಠ. ಯಾಕೆಂದರೆ 'ಪ್ಲಾಸ್ಟಿಕ್ ತ್ಯಜಿಸಿ, ಪರಿಸರ ಉಳಿಸಿ' ಅಂತ ಹನ್ನೆರಡು ಬೈ ಎಂಟರ ಜಾಗೃತಿ ಫಲಕ ಮಾಡಿಕೊಟ್ಟವನೂ ನಾನೇ. ಯಾವುದರ ಮೇಲೆ ಪ್ರಿಂಟು ಅಂತ ಕೇಳಿದೆ. "ಫ್ಲೆಕ್ಸ್ ಮೇಲೇ ಹಾಕ್ರಿ, ಮಳೆ ಬಂದ್ರೂ ಬಾಳಿಕಿ ಬರ್ಬೇಕು" ಅಂದರು. ಆ ಬಿಲ್ಲು ಇನ್ನೂ ಬಾಕಿ ಇದೆ. ಅದೂ ಕೊಳೆಯುವ ಜಾತಿಯದಲ್ಲ ಅಂತ ಕಾಣುತ್ತದೆ.

ಅಣ್ಣನ ಹುಟ್ಟುಹಬ್ಬ ಮುಗಿದು ಎರಡು ವಾರಕ್ಕೆ ಮತ್ತೆ ಗುಡ್ಡದ ಕಡೆ ಹೊರಟೆ. ದಾರಿಯಲ್ಲಿ ಒಂದು ದನದ ಕೊಟ್ಟಿಗೆ. ಬಿಸಿಲಿಗೆ ಅಡ್ಡ ಕಟ್ಟಿದ ಫ್ಲೆಕ್ಸ್ ಎಲ್ಲೋ ನೋಡಿದ ಹಾಗಿತ್ತು. ಕೊಟ್ಟಿಗೆಯ ಅಳತೆಗೆ ಕೊಯ್ದಿದ್ದರು. ಮೂವತ್ತೆರಡು ಜನವೂ ಹೋಗಿದ್ದರು, ಕಿವಿ ಸಮೇತ. ಅಣ್ಣನದು ಒಂದು ಭುಜ, ಅರ್ಧ ಕೈಗಡಿಯಾರ ಉಳಿದಿತ್ತು. ಅದರ ಪಕ್ಕ ನನ್ನ ಹೋರಿ ಪೂರ್ತಿ ನಿಂತಿತ್ತು. ಕೆಳಗೆ ನಿಜವಾದ ಎತ್ತು ಮೆಲುಕು ಹಾಕುತ್ತಿತ್ತು.

ಮುದುಕರೊಬ್ಬರು ಹೊರಗೆ ಬಂದರು. ಫ್ಲೆಕ್ಸ್ ಹೇಗಿದೆ ಯಜಮಾನರೇ, ಅಂದೆ.

"ಬೇಸಿ ಐತಪ್ಪ, ಬಿಸ್ಲು ತಡೀತೈತೆ. ಎತ್ತೂ ಚೆಂದ ಬಿಡ್ಸ್ಯಾರ. ಇಂಥದ್ದೇ ಇನ್ನೊಂದ್ ಸಿಗ್ತೈತೇನು?"

ಇಪ್ಪತ್ತು ವರ್ಷದ ಚಾಳಿ. ಬಾಯಿಗೆ ತಾನಾಗಿಯೇ ಬಂತು: "ಎಷ್ಟು ಬೈ ಎಷ್ಟು ಬೇಕ್ರಿ?"